ಕಿಟಕಿಯ ಕಡೆಗೆ ಬೆಳೆದ ಕಲ್ಲುಹೂವು

ಕಲ್ಲಕ್ಕನಿಗೆ ದಿನಾ ನಲವತ್ತು ನಿಮಿಷ ತಡವಾಗಿ ಬೆಳಗಾಗುತ್ತಿತ್ತು. ಇವತ್ತು ಆರಕ್ಕೆ ಎದ್ದರೆ ನಾಳೆ ಆರೂ ನಲವತ್ತಕ್ಕೆ, ನಾಡಿದ್ದು ಏಳೂ ಇಪ್ಪತ್ತಕ್ಕೆ. ಹೀಗೆ ಜಾರುತ್ತ ಜಾರುತ್ತ ಅವಳ ಬೆಳಗು ಊರಿನ ಮಧ್ಯಾಹ್ನವನ್ನು ದಾಟಿ, ಸಂಜೆಯನ್ನು ದಾಟಿ, ಎಲ್ಲರೂ ದೀಪ ಆರಿಸುವ ಹೊತ್ತನ್ನೂ ದಾಟಿ, ಮತ್ತೆ ಊರಿನ ಬೆಳಗನ್ನೇ ಬಂದು ಸೇರುತ್ತಿತ್ತು. ಒಂದು ಸುತ್ತಿಗೆ ಐದು ವಾರ. ಸುತ್ತು ಮುಗಿದ ಆ ಒಂದೆರಡು ದಿನ ಅವಳೂ ಅವಳ ಗಂಡನೂ ಒಂದೇ ಹೊತ್ತಿಗೆ ಎದ್ದು, ಒಟ್ಟಿಗೆ ಟೀ ಕುಡಿಯುತ್ತಿದ್ದರು. "ಇವತ್ತು ನಮ್ಮೂರಿಗೆ ಬಂದಿದೀಯಾ? ಬಾ, ಕೂತ್ಕೋ" ಎಂದು ಗಂಡ ನೆಂಟರಿಗೆ ಎಳೆದಂತೆ ಕುರ್ಚಿ ಎಳೆದುಕೊಡುತ್ತಿದ್ದ.

ಗಂಡ ದರ್ಜಿ. ಬೀದಿಗೆ ಮುಖ ಮಾಡಿದ ಅಂಗಡಿ ಕೆಳಗೆ, ಮನೆ ಮೇಲೆ. ಕೋಟು, ಪ್ಯಾಂಟು, ಶಾಲೆಯ ಸಮವಸ್ತ್ರ, ಜಿಪ್ಪು ಹೋದ ಚೀಲ, ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಕಲ್ಲಕ್ಕ ಮೊದಲ ಸಲ ಆ ಅಂಗಡಿಗೆ ಬಂದದ್ದು ಒಂದು ಕೋಟು ಹೊಲಿಸಲು. ಎರಡೂ ಕಡೆ ಜೇಬು, ಒಳಗೆ ಜೇಬು, ಬೆನ್ನಿಗೂ ಒಂದು ಜೇಬು ಬೇಕು ಎಂದಳು.

"ಇಷ್ಟೊಂದು ಜೇಬು ಯಾತಕ್ಕೆ?" ಎಂದು ಅವನು ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಕೇಳಿದ.

"ಕಲ್ಲಿಗೆ."

"ಯಾರಿಗೆ ಹೊಡೀತೀರಿ?"

ಅವಳು ನಕ್ಕಳು. ಕೋಟು ಹೊಲಿದುಕೊಟ್ಟ. ಎರಡು ತಿಂಗಳಲ್ಲಿ ಜೇಬುಗಳೆಲ್ಲ ಕಿತ್ತುಬಂದವು. ಡೇರೆಗೆ ಹಾಕುವ ದಪ್ಪ ಬಟ್ಟೆ ಇಟ್ಟು ಮತ್ತೆ ಹೊಲಿದ. ಅದೂ ಕಿತ್ತಿತು. ಮೂರನೆಯ ಸಲ ಅವಳು ಬಂದಾಗ ಅವನ ತಾಯಿ ಒಳಗಿಂದಲೇ, "ಆ ಕಲ್ಲಕ್ಕ ಬಂದ್ಲು ನೋಡೋ" ಎಂದು ಕೂಗಿದರು. ಹೆಸರು ಅಂಟಿಕೊಂಡಿತು. ಮದುವೆಯಾದ ಮೇಲೂ ಅತ್ತೆ ಹಾಗೇ ಕರೆದರು, ವಿಶ್ವವಿದ್ಯಾಲಯದಲ್ಲೂ ಎಲ್ಲರೂ ಹಾಗೇ ಕರೆದರು. ದಾಖಲೆಯಲ್ಲಿದ್ದ ಹೆಸರಿನಿಂದ ಯಾರಾದರೂ ಕೂಗಿದರೆ ಅವಳು ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರೆ ಎಂದು ಹುಡುಕುತ್ತಿದ್ದಳು.

ಅವಳ ಬೆಳಗು ತಡವಾಗಲು ಕಾರಣ ಒಂದು ಪೆಟ್ಟಿಗೆ. ಅದು ಇದ್ದದ್ದು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ. ಉಕ್ಕಿನದು, ಬಟ್ಟೆ ಇಡುವ ಬೀರುವಿನಷ್ಟು ಎತ್ತರ, ಮುಂದುಗಡೆ ಊಟದ ತಟ್ಟೆಯಷ್ಟು ಅಗಲದ ದಪ್ಪ ಗಾಜಿನ ಕಿಟಕಿ. ಆ ಪೆಟ್ಟಿಗೆಯೊಳಗೆ ಮಂಗಳ ಗ್ರಹವಿತ್ತು. ಅಲ್ಲಿನ ಗಾಳಿ, ಅಲ್ಲಿನ ಚಳಿ, ಅಲ್ಲಿನ ಬಿಸಿಲು. ಪಂಪು ಒಳಗಿನ ಗಾಳಿಯನ್ನು ಹೀರಿ ಹೀರಿ ಇದ್ದೂ ಇಲ್ಲದಷ್ಟು ತೆಳ್ಳಗೆ ಮಾಡಿತ್ತು. ಮಂಗಳದ ದಿನ ನಮ್ಮದಕ್ಕಿಂತ ಸುಮಾರು ನಲವತ್ತು ನಿಮಿಷ ಉದ್ದ. ಪೆಟ್ಟಿಗೆಯ ದೀಪ ಆ ಲೆಕ್ಕದಲ್ಲಿ ಹೊತ್ತಿ ಆರುತ್ತಿತ್ತು. ಕಲ್ಲಕ್ಕ ಆ ದೀಪದ ಲೆಕ್ಕದಲ್ಲಿ ಏಳುತ್ತಿದ್ದಳು.

ಭೂಮಿಯಾಚೆ ಎಲ್ಲಾದರೂ ಜೀವ ಇದ್ದೀತೇ ಎಂದು ಹುಡುಕುವುದು ಅವಳ ವಿಭಾಗದ ಕೆಲಸ. ಹಾಗೆಂದು ಅಲ್ಲಿಗೆ ಹೋಗುವವರು ಯಾರೂ ಇರಲಿಲ್ಲ. ಇಲ್ಲೇ ಕೂತು, ಅಲ್ಲಿ ಜೀವ ಇರುವುದಾದರೆ ಯಾವ ಕಷ್ಟವನ್ನೆಲ್ಲ ತಡೆದುಕೊಳ್ಳಬೇಕು ಎಂದು ತಿಳಿಯುವುದು. "ಇಲ್ಲಿರೋ ಜೀವಗಳ ಕಾಟವೇ ಸಾಕಾಗಿದೆ, ಅಲ್ಲಿಂದ ಬೇರೆ ಹುಡುಕಿ ತರ್ತಾರಂತೆ" ಎಂದು ಅಂಗಡಿಗೆ ಬಂದವರು ನಗುತ್ತಿದ್ದರು. ದರ್ಜಿಯೂ ನಗುತ್ತಿದ್ದ. ಆದರೆ ಯಾರಾದರೂ ಸ್ವಲ್ಪ ಹೆಚ್ಚು ನಕ್ಕರೆ ಅವರ ಪ್ಯಾಂಟು ಒಂದು ವಾರ ತಡವಾಗುತ್ತಿತ್ತು.

ಪೆಟ್ಟಿಗೆಯಲ್ಲಿ ಇದ್ದದ್ದು ಕಲ್ಲುಹೂವು. ಮರವಿಲ್ಲದ, ಹಕ್ಕಿಯಿಲ್ಲದ, ವರ್ಷವೆಲ್ಲ ಗಾಳಿ ಬೀಸುವ ಒಂದು ಎತ್ತರದ ಜಾಗದಿಂದ ಅವಳೇ ಆ ಕೋಟಿನ ಜೇಬುಗಳಲ್ಲಿ ತುಂಬಿಕೊಂಡು ತಂದ ಕಲ್ಲುಗಳು, ಅವುಗಳ ಮೇಲೆ ಬೂದಿ ಬಣ್ಣದ ಸುಕ್ಕು ಸುಕ್ಕು ಚಕ್ಕೆಗಳು. "ಇದು ಹೂವೂ ಅಲ್ಲ, ಗಿಡವೂ ಅಲ್ಲ. ಬೂಷ್ಟು, ಪಾಚಿ ಎರಡೂ ಸೇರಿ ಸಂಸಾರ ಮಾಡೋದು" ಎಂದು ಅವಳು ಗಂಡನಿಗೆ ವಿವರಿಸಿದ್ದಳು. "ಬೂಷ್ಟು ಮನೆ ಕಟ್ಟುತ್ತೆ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ."

"ನಮ್ಮನೇಲಿ ಅಡುಗೆ ಯಾರು ಮಾಡೋದು?"

"ಅದಕ್ಕೇ ನೀವು ಪಾಚಿ."

ಆ ಚಕ್ಕೆಗಳಿಗೆ ದಿನದಲ್ಲಿ ಬದುಕಲು ಸಿಗುತ್ತಿದ್ದದ್ದು ಸ್ವಲ್ಪವೇ ಹೊತ್ತು. ಮಂಗಳದ ಬೆಳಗಿನಲ್ಲಿ, ಬಿಸಿಲು ಏರುವುದಕ್ಕೆ ಮುಂಚೆ, ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹಿಮ ಕೂರುತ್ತದೆ. ಕುಡಿಯುವುದಿದ್ದರೆ ಆಗಲೇ ಕುಡಿಯಬೇಕು, ಉಣ್ಣುವುದಿದ್ದರೆ ಆಗಲೇ ಉಣ್ಣಬೇಕು. ಬಿಸಿಲೇರಿದರೆ ಮುಗಿಯಿತು, ಮತ್ತೆ ಬೂದಿ. ಹಸಿರಿರುವ ಯಾವುದೇ ಜೀವ ಬೆಳಕನ್ನು ಉಣ್ಣುವಾಗ ಒಂದು ಚೂರು ಬೆಳಕನ್ನು ಕೆಂಪಗೆ ಮಾಡಿ ಹೊರಗೆ ಚೆಲ್ಲುತ್ತದಂತೆ. ನಮ್ಮ ಕಣ್ಣಿಗೆ ಕಾಣದು, ಮೀಟರಿಗೆ ಕಾಣುತ್ತದೆ. ಕಲ್ಲಕ್ಕ ಕಾಯುತ್ತಿದ್ದದ್ದು ಆ ಮಿನುಗಿಗೆ. ಬೇರೆ ಯಾರ ಹಂಗೂ ಇಲ್ಲದೆ, ಬೆಳಗಿನ ಆ ಹಿಮವೊಂದನ್ನೇ ನಂಬಿಕೊಂಡು, ಒಂದು ಜೀವ ಅಲ್ಲಿ ಬಾಳೀತೇ? ಅವಳ ಆಯುಷ್ಯವೆಲ್ಲ ಈ ಒಂದು ಪ್ರಶ್ನೆ.

ಮೀಟರು ತಾನಾಗಿಯೇ ಎಲ್ಲವನ್ನೂ ಗುರುತು ಮಾಡಿಕೊಳ್ಳುತ್ತಿತ್ತು. ಅವಳು ಅಲ್ಲಿ ಇರಲೇಬೇಕು ಎಂದೇನೂ ಇರಲಿಲ್ಲ.

"ಯಂತ್ರ ನೋಡ್ಕೊಳ್ಳುತ್ತಲ್ಲ, ನೀನ್ಯಾಕೆ ಹೊತ್ತಲ್ಲದ ಹೊತ್ತಲ್ಲಿ ಎದ್ದು ಓಡೋದು?" ಎಂದು ದರ್ಜಿ ಮದುವೆಯಾದ ಹೊಸದರಲ್ಲಿ ಕೇಳಿದ್ದ.

"ಮಿಷನ್ನು ತಾನೇ ಹೊಲಿಯೋ ಹಾಗಿದ್ದರೆ ನೀವು ಬಟ್ಟೆ ಬಿಟ್ಟು ಟೀ ಕುಡಿಯೋಕೆ ಹೋಗ್ತೀರಾ?"

"ಧಾರಾಳವಾಗಿ ಹೋಗ್ತೀನಿ."

"ಸುಳ್ಳು."

ಸುಳ್ಳೇ. ಅವನು ಮತ್ತೆ ಕೇಳಲಿಲ್ಲ. ಬದಲಿಗೆ ಗಡಿಯಾರ ರಿಪೇರಿಯವನ ಹತ್ತಿರ ಹೋಗಿ, ದಿನಕ್ಕೆ ನಲವತ್ತು ನಿಮಿಷ ಹಿಂದೆ ಬೀಳುವಂತೆ ಒಂದು ಗಡಿಯಾರವನ್ನು ಕೆಡಿಸಿಕೊಡು ಎಂದ. "ಸರಿ ಮಾಡಿಸೋಕೆ ಬರೋರನ್ನ ನೋಡಿದೀನಿ, ಕೆಡಿಸೋಕೆ ಬಂದೋನು ನೀನೇ ಮೊದಲು" ಎಂದು ಅವನು ಬೈದುಕೊಂಡೇ ಮಾಡಿಕೊಟ್ಟ. ಅದು ಅಡುಗೆಮನೆಯ ಗೋಡೆಯ ಮೇಲೆ ಊರಿನ ಗಡಿಯಾರದ ಪಕ್ಕದಲ್ಲಿ ನಡೆಯುತ್ತಿತ್ತು. ಅತ್ತೆಗೆ ಎರಡೂ ಗೊಂದಲ. "ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ನನ್ನ ಸೊಸೆ ಮಂಗಳನ್ನ ಗೆದ್ದು ಆಮೇಲೆ ಮನೆಗೆ ಬರ್ತಾಳಂತೆ" ಎನ್ನುತ್ತಿದ್ದರು. ಆದರೆ ಸೊಸೆಯ ಬೆಳಗು ಎಷ್ಟು ಹೊತ್ತಿಗೆ ಬಿದ್ದರೂ ಒಲೆಯ ಮೇಲೆ ಬಿಸಿನೀರು ಇರುತ್ತಿತ್ತು.

ದರ್ಜಿ ಕೆಲವು ಸಲ ಬುತ್ತಿ ತೆಗೆದುಕೊಂಡು ನೆಲಮಾಳಿಗೆಗೆ ಹೋಗುತ್ತಿದ್ದ. ಹೊರಗೆ ಮಟಮಟ ಮಧ್ಯಾಹ್ನ, ಮೆಟ್ಟಿಲಿಳಿದರೆ ಒಳಗೆ ಬೆಳಗಿನ ಜಾವ. ಕೋಣೆಯ ದೀಪ ಆರಿಸಿರುತ್ತಿತ್ತು. ಪಂಪು ಮಲಗಿದ ಮುದುಕರ ಹಾಗೆ ಒಂದೇ ಸಮನೆ ಉಸಿರಾಡುತ್ತಿತ್ತು. ಕಿಟಕಿಯ ಗಾಜಿನಲ್ಲಿ ಮೊದಲು ಮಣ್ಣುಬಣ್ಣದ ಬೆಳಕು ಮೂಡಿ, ಆಮೇಲೆ ಕಲ್ಲುಗಳಿಗೆ ಒಂದೊಂದಾಗಿ ನೆರಳು ಹುಟ್ಟುತ್ತಿತ್ತು. ಕಲ್ಲಕ್ಕ ಮೊಣಕಾಲೂರಿ, ಹಣೆಯನ್ನು ಕಿಟಕಿಯ ಚೌಕಟ್ಟಿಗೆ ಆನಿಸಿ, ಗದ್ದವನ್ನು ಅದರ ಕೆಳಗಿನ ಅಂಚಿಗಿಟ್ಟು ನೋಡುತ್ತಿದ್ದಳು. ಅವನೂ ಪಕ್ಕದಲ್ಲಿ ಕೂರುತ್ತಿದ್ದ.

"ಅಲ್ಲಿ ಸಂಜೆ ನೀಲಿ, ಗೊತ್ತಾ?" ಎಂದು ಒಂದು ಸಲ ಅವಳು ಗಾಜಿನ ಕಡೆಯೇ ನೋಡುತ್ತ ಹೇಳಿದಳು. "ಹಗಲೆಲ್ಲ ಕೆಂಪು. ಸೂರ್ಯ ಮುಳುಗೋವಾಗ ಮಾತ್ರ ಸುತ್ತ ನೀಲಿ."

"ಯಾವ ನೀಲಿ? ಶಾಲೆ ಅಂಗಿ ನೀಲಿನಾ, ಪೊಲೀಸ್ ಜೀಪಿನ ನೀಲಿನಾ?"

ಅವಳು ಬಹಳ ಹೊತ್ತು ಯೋಚಿಸಿದಳು. "ಒಗೆದೂ ಒಗೆದೂ ಹೋದ ಶಾಲೆ ಅಂಗಿ ನೀಲಿ."

ಅಂಗಡಿಗೆ ವಾಪಸು ಬಂದ ಮೇಲೂ ಅವನಿಗೆ ಹೊರಗಿನ ಬಿಸಿಲು ತುಸು ಸುಳ್ಳೆನಿಸುತ್ತಿತ್ತು. ಎದುರಿಗಿದ್ದ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ ಅಳತೆ ನೋಡಲು ಮರೆತು ನಿಲ್ಲುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಕಲ್ಲುಗಳನ್ನು ಬದಲಿಸಿದಳು, ಚಳಿಯನ್ನು ಬದಲಿಸಿದಳು. ಎಷ್ಟೋ ಚಕ್ಕೆಗಳು ಸತ್ತವು. ಕೆಲವು ಸಾಯದೆ ಉಳಿದವು, ಅಷ್ಟೇ. ಉಳಿಯುವುದು ಬೇರೆ, ಬಾಳುವುದು ಬೇರೆ ಎನ್ನುತ್ತಿದ್ದಳು. ಕೊನೆಗೆ ಒಂದು ಸುತ್ತಿನಲ್ಲಿ ಅಂಗೈಯಗಲದ ಒಂದು ಕಲ್ಲಿನ ಮೇಲೆ ಬೆಳಗಿನ ಮಿನುಗು ದಿನದಿಂದ ದಿನಕ್ಕೆ ಏರತೊಡಗಿತು. ಇನ್ನೂ ಕೆಲವು ತಿಂಗಳಿಗೆ, ಬೂದಿ ಚಕ್ಕೆಯ ಒಂದು ಅಂಚಿನಿಂದ ಉಗುರಿನ ಚೂರಿನಷ್ಟು ಹೊಸ ಚಕ್ಕೆಯೊಂದು ಎಲೆಯಂತೆ ಹೊರಟಿತು. ಮೆಲ್ಲಗೆ, ಗಾಜಿನ ಕಿಟಕಿಯ ಕಡೆಗೆ.

ಅವತ್ತು ಅವಳು ಅಂಗಡಿಗೆ ಓಡಿಬಂದು, ಗಿರಾಕಿಯ ಎದುರಿಗೇ ಗಂಡನ ಎರಡೂ ಕೈ ಹಿಡಿದು, "ಬೆಳೆದಿದೆ ರೀ! ಬದುಕಿದೆ ಅಲ್ಲ, ಬೆಳೆದಿದೆ!" ಎಂದಳು. ಗಿರಾಕಿಗೆ ಏನು ತಿಳಿಯಿತೋ, ಅವನೂ ಎದ್ದು ನಿಂತು ಅಭಿನಂದನೆ ಹೇಳಿದ.

ಮಂಗಳದ ಗಾಳಿಯಲ್ಲಿ ಭೂಮಿಯ ಜೀವವೊಂದು ಬೆಳೆದದ್ದನ್ನು ಅಲ್ಲಿಯವರೆಗೆ ಅವರ ವಿಭಾಗದಲ್ಲಿ ಯಾರೂ ಕಂಡಿರಲಿಲ್ಲ. ವಿಭಾಗದ ಹಿರಿಯರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಬೇರೆ ಬೇರೆ ವಿಶ್ವವಿದ್ಯಾಲಯಗಳವರು ಸೇರುವ ದೊಡ್ಡ ಸಭೆಯಲ್ಲಿ ಇದನ್ನು ಹೇಳಬೇಕೆಂದು ನಿಶ್ಚಯಿಸಿದರು. ಕಲ್ಲಕ್ಕನೇ ಹೇಳಬೇಕು. ದರ್ಜಿ ಅವಳಿಗೆ ಹೊಸ ಕೋಟು ಹೊಲಿಯಲು ಕೂತ. ಇದಕ್ಕೆ ಎರಡೇ ಜೇಬು.

ಸಭೆಗೆ ಒಂದು ತಿಂಗಳಿರುವಾಗ ಅವಳಿಗೆ ಜ್ವರ ಬಂತು. ಎದೆಗೆ ಇಳಿದ ಶೀತ. ಅತ್ತೆ ಹೊದಿಕೆಯ ಮೇಲೆ ಹೊದಿಕೆ ಹೊದಿಸಿ, "ಮಂಗಳಕ್ಕೆ ಎರಡು ವಾರ ರಜಾ" ಎಂದು ಆಜ್ಞೆ ಮಾಡಿದರು. ಪ್ರಯೋಗಾಲಯದ ಪಕ್ಕದ ಬೆಂಚಿನ ಗೆಳತಿ, ಉಪ್ಪಿನ ಹರಳಿನೊಳಗೆ ಬದುಕುವ ಸೂಕ್ಷ್ಮ ಜೀವಿಗಳ ಮೇಲೆ ಕೆಲಸ ಮಾಡುವವಳು, ಬಾಗಿಲಿನಿಂದಲೇ ಹಣಕಿ ಪೆಟ್ಟಿಗೆ ನಡೆಯುತ್ತಿದೆ, ಚಿಂತೆ ಬೇಡ ಎಂದು ಹೇಳಿಹೋಗುತ್ತಿದ್ದಳು. ಕಲ್ಲಕ್ಕ ಗುಣವಾಗಿ ಕೆಲಸಕ್ಕೆ ಹೋದಳು. ಒಂದು ವಾರ ಕಳೆದು ಒಂದು ಮಧ್ಯಾಹ್ನ ಮನೆಗೆ ಬಂದವಳು ಊಟದ ಮೇಜಿನ ಮುಂದೆ ಸುಮ್ಮನೆ ಕೂತಳು.

ದರ್ಜಿ ಅನ್ನ ಬಡಿಸಿದ. ಅವಳು ತಿನ್ನಲಿಲ್ಲ.

"ನಾನು ಮಲಗಿದ್ದಾಗ ಅದೂ ಮಲಗಿತ್ತು" ಎಂದಳು.

"ಯಾವುದು?"

"ಕಲ್ಲುಹೂವು. ಎರಡು ವಾರ ಮಿನುಗು ಇಳೀತಾ ಬಂದಿದೆ. ನಾನು ಹೋದ ಮಾರನೇ ದಿನದಿಂದ ಮತ್ತೆ ಏರಿದೆ."

ಅವನಿಗೆ ನಗು ಬಂತು. "ನೋಡು ಮತ್ತೆ, ನಿನ್ನ ಮೇಲೆ ಎಷ್ಟು ಪ್ರೀತಿ ಅದಕ್ಕೆ. ನಾನು ಇಷ್ಟು ವರ್ಷದಿಂದ ಹೇಳ್ತಾನೇ ಇದೀನಿ, ನೀನು ಹತ್ತಿರ ಇದ್ರೆ..."

ಅವಳ ಮುಖ ನೋಡಿ ಮಾತು ಅಲ್ಲಿಗೇ ನಿಲ್ಲಿಸಿದ.

"ಅದಕ್ಕೆ ಪ್ರೀತಿ ಗೊತ್ತಿಲ್ಲ ರೀ. ಅದಕ್ಕೆ ಗೊತ್ತಿರೋದು ನೀರು ಒಂದೇ." ಅವಳು ಅನ್ನದ ಮೇಲೆ ಬೆರಳಿಟ್ಟು ಒಂದು ವೃತ್ತ ಬರೆದಳು. "ಕಿಟಕಿ ಸುತ್ತ ಒಂದು ರಬ್ಬರ್ ಬಳೆ ಇದೆ. ಹೊರಗಿನ ಗಾಳಿ ಒಳಗೆ ಹೋಗದ ಹಾಗೆ. ಇಷ್ಟು ವರ್ಷ ನಾನು ಇಲ್ಲಿ ಹಣೆ, ಇಲ್ಲಿ ಗದ್ದ ಇಟ್ಟು ಒತ್ತಿಕೊಂಡು ಕೂತಿದೀನಿ. ಇಲ್ಲಿ, ಕೆಳಗಡೆ, ಅದು ಸವೆದಿರಬೇಕು. ಒಳಗೆ ಗಾಳಿ ಇಲ್ಲ, ಹೊರಗಿಂದ ಎಳ್ಕೊಳ್ಳುತ್ತೆ. ಎಳ್ಕೊಳ್ಳೋ ಜಾಗದಲ್ಲಿ ನನ್ನ ಬಾಯಿ, ನನ್ನ ಉಸಿರಿನ ತೇವ."

ದರ್ಜಿಗೆ ಈಗ ಅರ್ಥವಾಯಿತು. ಆದರೂ ಅವಳೇ ಹೇಳಲಿ ಎಂದು ಕಾದ.

"ನನ್ನ ಉಸಿರು ಕುಡಿದು ಬೆಳೆದಿದೆ" ಎಂದಳು. "ಅದಕ್ಕೇ ಕಿಟಕಿ ಕಡೆಗೆ ಬೆಳೆದಿದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರಿಗೆ ಉಸಿರು ಕುಡಿಯುವುದು ಎಂಬ ಮಾತಷ್ಟೇ ಕೇಳಿಸಿತ್ತು. "ಅಯ್ಯೋ, ಅದಕ್ಕೇ ಕಣೇ ನಿನಗೆ ಜ್ವರ ಬಂದಿದ್ದು!"

ಕಲ್ಲಕ್ಕ ಬಹಳ ಹೊತ್ತಿನ ಮೇಲೆ ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿಬಂತು. ಅವಳು ಅತ್ತದ್ದನ್ನು ದರ್ಜಿ ನೋಡಿದ್ದು ಅದೇ ಮೊದಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಲ್ಲ, ಅದು ಅವನಿಗೆ ಗೊತ್ತಿತ್ತು. ಆ ಪುಟ್ಟ ಎಲೆಯನ್ನು ಅವಳು ನಂಬಿಬಿಟ್ಟಿದ್ದಳು.

"ಯಾರಿಗೂ ಗೊತ್ತಾಗಲ್ಲ ಅಲ್ವಾ?" ಎಂದು ಅವನು ಕೇಳಿದ. ಕೇಳಬಾರದಿತ್ತು. ಆದರೆ ಹೆಂಡತಿ ಅಳುತ್ತಿರುವಾಗ ಮನುಷ್ಯ ಏನನ್ನಾದರೂ ಕೇಳುತ್ತಾನೆ.

"ತೋಳು ಗಿಡ್ಡ ಬಿದ್ದಿದೆ ಅಂತ ನಿಮಗೆ ಗೊತ್ತಾದ ಮೇಲೆ ಗಿರಾಕಿಗೆ ಕೋಟು ಹಾಕಿ ಕಳಿಸ್ತೀರಾ?"

"ಇಲ್ಲ."

"ಮತ್ತೆ?" ಅವಳು ತಟ್ಟೆ ಹತ್ತಿರ ಎಳೆದುಕೊಂಡು ಉಣ್ಣತೊಡಗಿದಳು.

ಮಾರನೆಯ ದಿನ ಅವಳು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿ, "ಆ ಎರಡು ವಾರ ಮೀಟರೇ ಕೈಕೊಟ್ಟಿರಬಹುದಲ್ಲಮ್ಮಾ" ಎಂದರಂತೆ. "ಇರಬಹುದು ಸರ್. ನೋಡೋಣ" ಎಂದಳಂತೆ. ಬಲೂನಿಗೆ ತುಂಬುವ ಹೀಲಿಯಂ ತರಿಸಿ, ತೆಳ್ಳಗಿನ ಕೊಳವೆಯಿಂದ ಕಿಟಕಿಯ ಸುತ್ತ ಊದಿದರು. ಒಳಗೆ ಒಂದು ಕಣ ಹೊಕ್ಕರೂ ಕೂಗುವ ಯಂತ್ರ ಪೆಟ್ಟಿಗೆಗೆ ಸಿಕ್ಕಿಸಿತ್ತು. ಮೇಲೆ ಊದಿದಾಗ ಸದ್ದಿಲ್ಲ. ಎಡಕ್ಕೆ, ಬಲಕ್ಕೆ ಸದ್ದಿಲ್ಲ. ಕೆಳಗಿನ ಅಂಚಿಗೆ, ಅವಳ ಗದ್ದ ಕೂರುತ್ತಿದ್ದ ಜಾಗಕ್ಕೆ ಬಂದಾಗ ಅದು ಕೂಗಿತು. ಉಪ್ಪಿನ ಗೆಳತಿ ಕಲ್ಲಕ್ಕನ ಭುಜ ಹಿಡಿದುಕೊಂಡಳು. ಮೇಷ್ಟ್ರು ಸುಮ್ಮನೆ ಎದ್ದುಹೋಗಿ, ಸಭೆಯವರಿಗೆ ಫೋನು ಮಾಡಿ, ತಮ್ಮಿಂದ ಹೇಳುವಂಥದ್ದು ಈ ವರ್ಷ ಏನೂ ಇಲ್ಲ ಎಂದರು.

ಹೊಸ ಕೋಟು ಹ್ಯಾಂಗರಿನಲ್ಲೇ ಉಳಿಯಿತು.

ಕಲ್ಲಕ್ಕ ಕೈಕಟ್ಟಿ ಕೂರಲಿಲ್ಲ. ರಬ್ಬರ್ ಬಳೆ ಬದಲಿಸಿದಳು, ಹೀಲಿಯಂ ಊದಿ ಮತ್ತೆ ಮತ್ತೆ ನೋಡಿದಳು. ಆಮೇಲೆ ಅದೇ ಕಲ್ಲನ್ನು ಅದೇ ಜಾಗದಲ್ಲಿಟ್ಟು ಪೆಟ್ಟಿಗೆ ಮುಚ್ಚಿದಳು. ಈಗ ಪ್ರಶ್ನೆ ಮೊದಲಿಗಿಂತ ಸ್ಪಷ್ಟವಾಗಿತ್ತು. ಅವಳಿಲ್ಲದೆ ಅದು ಬಾಳೀತೇ?

ಇದಕ್ಕೆ ಅವಳೇ ನಿಯಮ ಹಾಕಿದಳು. ಗೊತ್ತುಮಾಡಿದ ದಿನದವರೆಗೆ ಪೆಟ್ಟಿಗೆ ತೆರೆಯುವಂತಿಲ್ಲ. ಕಿಟಕಿಯ ಹತ್ತಿರ ಯಾರೂ ಹೋಗುವಂತಿಲ್ಲ, ಅವಳಂತೂ ನೆಲಮಾಳಿಗೆಗೇ ಇಳಿಯುವಂತಿಲ್ಲ. ಮೀಟರಿನ ಅಂಕಿಗಳನ್ನು ಗೆಳತಿ ಬೀಗ ಹಾಕಿ ಇಟ್ಟುಕೊಳ್ಳಬೇಕು, ತಾನು ಕಾಲು ಹಿಡಿದು ಕೇಳಿದರೂ ತೋರಿಸಬಾರದು. ನೋಡುವವರಿಗೆ ಆಸೆಯಿದ್ದರೆ ಅಂಕಿಯಲ್ಲೂ ಆಸೆಯೇ ಕಾಣುತ್ತದೆ ಎಂದಳು. ಗಾಜಿಗೆ ಮುಚ್ಚಲು ದರ್ಜಿ ದಪ್ಪ ಕಪ್ಪು ಬಟ್ಟೆಯ ಗವಸು ಹೊಲಿದುಕೊಟ್ಟ.

ಹೀಗೆ ಕಲ್ಲಕ್ಕ ಊರಿನ ಬೆಳಗಿಗೆ ಬಂದಳು.

ಅವಳಿಗೆ ಅದು ಒಗ್ಗಲು ಹೊತ್ತು ಹಿಡಿಯಿತು. ದಿನಾ ಒಂದೇ ಹೊತ್ತಿಗೆ ಬೆಳಗಾಗುವುದು ಅವಳಿಗೆ ಬೆರಗು. "ನಿನ್ನೆನೂ ಇಷ್ಟೊತ್ತಿಗೇ ಆಗಿತ್ತಲ್ಲ!" ಎನ್ನುತ್ತಿದ್ದಳು. ಗೋಡೆಯಿಂದ ಮಂಗಳದ ಗಡಿಯಾರ ಇಳಿಸಿ ಬೀರುವಿನಲ್ಲಿಟ್ಟರು. ಬೆಳಿಗ್ಗೆ ಟೀ ಲೋಟ ಹಿಡಿದು ಕೆಳಗಿಳಿದು, ಅಂಗಡಿಯ ಬಾಗಿಲು ತೆರೆಯುವಾಗ ಗಂಡನ ಜೊತೆ ನಿಲ್ಲುತ್ತಿದ್ದಳು. ಹಾಲಿನವನು, ಪತ್ರಿಕೆಯವನು, ಶಾಲೆಗೆ ಓಡುವ ಮಕ್ಕಳು, ಎದುರು ಮನೆಯ ಮಹಡಿಯಲ್ಲಿ ಕಂಬಳಿ ಕೊಡವುವ ಮುದುಕಿ. ಇಷ್ಟು ವರ್ಷ ಆ ಬೀದಿಯಲ್ಲಿದ್ದೂ ಇವರಾರೂ ಅವಳಿಗೆ ಗೊತ್ತಿರಲಿಲ್ಲ. ಬಿಸಿಲು ಮೊದಲು ಗಡಿಯಾರ ರಿಪೇರಿಯವನ ಬೋರ್ಡಿಗೆ ಬೀಳುತ್ತದೆ, ಆಮೇಲೆ ಬಸ್‌ ಸ್ಟಾಪಿಗೆ, ಎಲ್ಲಕ್ಕಿಂತ ಕೊನೆಗೆ ತಮ್ಮ ಬಾಗಿಲಿಗೆ ಎಂದು ಕಂಡುಹಿಡಿದು, ದೊಡ್ಡ ಸಂಗತಿಯಂತೆ ಹೇಳಿದಳು.

"ಹುಟ್ಟಿದಾಗಿಂದ ನೋಡ್ತಿದೀನಿ, ನನಗೆ ಗೊತ್ತಿರಲಿಲ್ಲ" ಎಂದ ದರ್ಜಿ. ಸುಳ್ಳಲ್ಲ.

ಕೆಲವು ಸಲ ಮಾತಿನ ನಡುವೆ ಅವಳು ನಿಲ್ಲುತ್ತಿದ್ದಳು. ಕಣ್ಣು ಎಲ್ಲೋ ಹೋಗುತ್ತಿತ್ತು. ಆಗ ಅಲ್ಲಿ ಬೆಳಗಾಗುತ್ತಿದೆ ಎಂದು ಅವನಿಗೆ ತಿಳಿಯುತ್ತಿತ್ತು.

"ಹೋಗಿ ಬಾಗಿಲಲ್ಲಾದರೂ ನಿಂತು ಬಾರೇ" ಎಂದು ಅತ್ತೆ ಒಮ್ಮೆ ಮನಸ್ಸು ತಡೆಯದೆ ಅಂದರು.

"ಬೇಡ ಅತ್ತೆ. ಅದು ನನ್ನನ್ನ ಮರೀಬೇಕು."

"ಸತ್ತುಹೋದ್ರೆ?"

"ಸತ್ತರೆ ಸತ್ತಿತು ಅಂತ ಬರೀತೀನಿ."

ಹಾಗೆಂದವಳೇ ಅವತ್ತು ಮಧ್ಯಾಹ್ನ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತು, ಚೂರುಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ, ಗಂಡನಿಗೆ ಮೆಲ್ಲಗೆ ಹೇಳಿದಳು. "ಬದುಕಲಿ ಅಂತ ತುಂಬಾ ಆಸೆ ರೀ. ಹೇಳಬಾರದು. ಆದರೂ ಆಸೆ."

ಗೊತ್ತುಮಾಡಿದ ದಿನಕ್ಕೆ ಇನ್ನೂ ಕೆಲವು ವಾರಗಳಿದ್ದವು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ನಿಂತವಳು ತಲೆ ಯಾಕೋ ಭಾರ ಎಂದಳು. ಲೋಟವನ್ನು ಜೋಪಾನವಾಗಿ ಕಟ್ಟೆಯ ಮೇಲಿಟ್ಟಳು. ಆಮೇಲೆ ಕೂತಳು, ಆಮೇಲೆ ಒರಗಿದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋದಳು. ಒಂದು ಮಾತೂ ಆಡಲಿಲ್ಲ. ಆಡಿದಳೆಂದು ಬರೆಯುವ ಆಸೆಯಾಗುತ್ತದೆ. ಆಡಲಿಲ್ಲ.

ದರ್ಜಿ ಅಂಗಡಿ ತೆರೆಯಲಿಲ್ಲ. ಗಿರಾಕಿಗಳು ಬಂದು ಮುಚ್ಚಿದ ಬಾಗಿಲನ್ನು ನೋಡಿ ಹೋದರು. ಒಂದು ದಿನ ಉಪ್ಪಿನ ಗೆಳತಿ ಬಂದಳು. ಅತ್ತೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಅವನ ಕಡೆ ತಿರುಗಿ ಹೇಳಿದಳು.

"ಭಾವ, ಬರೋ ಸೋಮವಾರ ಪೆಟ್ಟಿಗೆ ತೆಗೀತೀವಿ. ಅವಳು ಹೇಳಿದ ದಿನ. ನೀವು ಬರಬೇಕು."

"ನನಗೇನು ಗೊತ್ತಾಗುತ್ತೆ?"

"ನನಗೂ ಒಬ್ಬಳಿಗೇ ನೋಡೋಕೆ ಆಗಲ್ಲ, ಅದಕ್ಕೆ."

ಅವನು ಒಪ್ಪಲಿಲ್ಲ. ಅದು ಸತ್ತಿದ್ದರೆ ಎರಡನೆಯ ಸಲ ಅದೇ ಮಾತು ಕೇಳಬೇಕು. ಬದುಕಿದ್ದರೆ ಅದನ್ನು ಯಾರಿಗೆ ಹೇಳುವುದು? ಆದರೆ ಸೋಮವಾರ ಬೆಳಿಗ್ಗೆ ತಾಯಿ ಅವನ ಅಂಗಿ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದರು. "ಹೋಗಿ ಬಾರೋ. ಅವಳು ಕಾಯ್ತಿದ್ದಳು. ಈಗ ನಾನೂ ಕಾಯ್ತಿದೀನಿ" ಎಂದರು.

ನೆಲಮಾಳಿಗೆಯಲ್ಲಿ ಎಲ್ಲ ದೀಪಗಳೂ ಹೊತ್ತಿದ್ದವು. ಅವನು ಆ ಕೋಣೆಯನ್ನು ಬೆಳಕಿನಲ್ಲಿ ನೋಡಿದ್ದು ಕಡಿಮೆ. ಗೋಡೆಯ ಸುಣ್ಣ ಹೋಗಿತ್ತು, ನೆಲದಲ್ಲಿ ಮೊಣಕಾಲೂರುವ ಜಾಗಕ್ಕೆ ಹಳೆಯ ರಗ್ಗಿನ ತುಂಡು ಇತ್ತು. ಗೆಳತಿ ಪಂಪು ನಿಲ್ಲಿಸಿದಳು. ಅಷ್ಟು ವರ್ಷದ ಸದ್ದು ನಿಂತಾಗ ಕಿವಿಯಲ್ಲಿ ಗಾಳಿ ಬೀಸಿದಂತಾಯಿತು. ಒಳಗೆ ಮೆಲ್ಲಗೆ ಗಾಳಿ ಬಿಟ್ಟು, ಮೇಷ್ಟ್ರೂ ಅವಳೂ ಸೇರಿ ಬಾಗಿಲು ತೆರೆದು, ಕಲ್ಲನ್ನು ಬಿಳಿ ತಟ್ಟೆಯ ಮೇಲಿಟ್ಟರು.

ಅವನಿಗೆ ಮೊದಲು ಕಂಡದ್ದು ಆ ಹೊಸ ಎಲೆ. ಅದು ಒಣಗಿ, ಸುರುಳಿ ಸುತ್ತಿ, ಬುಡದಿಂದ ಬಿಟ್ಟುಕೊಂಡಿತ್ತು. ಕಲ್ಲನ್ನು ಎತ್ತಿ ಇಡುವಾಗಲೇ ತಟ್ಟೆಯ ಮೇಲೆ ಉದುರಿತು. ಉಳಿದ ಚಕ್ಕೆ ಎಂದಿನಂತೆ ಬೂದಿ.

"ನೀವೇ ನೀರು ಹಾಕಿ" ಎಂದು ಮೇಷ್ಟ್ರು ಅವನ ಕೈಗೆ ಗಾಜಿನ ಡ್ರಾಪರ್ ಕೊಟ್ಟರು.

ಸೂಜಿಗೆ ದಾರ ಪೋಣಿಸುವ ಕೈ ಅವನದು. ಹನಿ ಹನಿಯಾಗಿ ಹಾಕಿದ. ಚಕ್ಕೆ ನೀರನ್ನು ಹೀರಿತು. ನೋಡುತ್ತಿದ್ದಂತೆ ಬೂದಿಯೊಳಗಿಂದ ಹಸಿರು ಮೂಡಿತು. ಒಳಗಿನಿಂದ ಯಾರೋ ದೀಪ ಹಿಡಿದು ಬಂದ ಹಾಗೆ. ಅವನ ಬಾಯಿಂದ ಸದ್ದು ಹೊರಟಿತು.

"ಇನ್ನೂ ಇಲ್ಲ ಭಾವ" ಎಂದಳು ಗೆಳತಿ, ಅವನ ತೋಳು ಮುಟ್ಟಿ. "ಸತ್ತಿದ್ದೂ ನೆನೆದರೆ ಹಸಿರಾಗುತ್ತೆ. ಬಣ್ಣವನ್ನ ನಂಬಬೇಡಿ ಅಂತಿದ್ದಳು."

ದೀಪ ಆರಿಸಿದರು. ಕತ್ತಲಲ್ಲಿ ಮೂವರೂ ಕಾದರು. ಗೆಳತಿ ಕಲ್ಲಿಗೆ ಒಂದು ಗಳಿಗೆ ಬೆಳಕು ತೋರಿಸಿ, ಮೀಟರಿನ ಕಣ್ಣನ್ನು ಹತ್ತಿರ ತಂದಳು. ಉದುರಿದ ಎಲೆಯ ಮೇಲೆ ಹಿಡಿದಾಗ ಅಂಕಿ ಅಲುಗಲಿಲ್ಲ. ಆಮೇಲೆ ಹಳೆಯ ಚಕ್ಕೆಯ ಮೇಲೆ ಹಿಡಿದಳು. ಅಂಕಿ ಒಂದಿಷ್ಟು ಹೊತ್ತು ಅಲ್ಲೇ ನಿಂತು, ಮೆಲ್ಲಗೆ, ಬಹಳ ಮೆಲ್ಲಗೆ ಏರಿತು. ಮತ್ತೆ ಹಿಡಿದಳು. ಮತ್ತೆ ಏರಿತು. ಬೀಗ ಹಾಕಿಟ್ಟಿದ್ದ ಅಂಕಿಗಳನ್ನು ತೆರೆದು ಪರದೆಯ ಮೇಲೆ ತಂದಾಗ, ಮೊದಲ ವಾರಗಳಲ್ಲಿ ಇಳಿಯುತ್ತ ಇಳಿಯುತ್ತ ಹೋದ ಗೆರೆ ನೆಲ ಮುಟ್ಟುವ ಮುಂಚೆ ನಿಂತಿತ್ತು. ಅಲ್ಲಿಂದಾಚೆಗೆ ಪ್ರತಿ ಬೆಳಗೂ ಒಂದು ಸಣ್ಣ ಉಬ್ಬು. ಅವಳು ಆಸ್ಪತ್ರೆಯಲ್ಲಿದ್ದ ಬೆಳಗೂ, ಅವಳು ಹೋದ ಮಾರನೆಯ ಬೆಳಗೂ.

"ಬಾಳಿದೆ" ಎಂದರು ಮೇಷ್ಟ್ರು. ಕನ್ನಡಕ ತೆಗೆದು ಒರೆಸಿಕೊಂಡರು. "ಬೆಳೆದಿಲ್ಲ. ಆದರೆ ತಾನಾಗಿಯೇ ಬಾಳಿದೆ."

ಗೆಳತಿ ಬೆಂಚಿಗೆ ಒರಗಿ ಅಳುತ್ತಿದ್ದಳು. ದರ್ಜಿಗೆ ಅಳು ಬರಲಿಲ್ಲ. ಎದೆಯೊಳಗೆ ಸಂತೋಷವೂ ಇತ್ತು, ಅದರ ಪಕ್ಕದಲ್ಲೇ ಒಂದು ಸಿಟ್ಟೂ ಇತ್ತು. ಅವಳ ಉಸಿರಿನಿಂ‌ದ ಹುಟ್ಟಿದ್ದು ಸತ್ತಿದೆ. ಅವಳ ಹಂಗಿಲ್ಲದ್ದು ಬದುಕಿದೆ. ಅವಳಿದ್ದಿದ್ದರೆ ಈಗ ಅಂಗಡಿಗೆ ಓಡಿಬಂದು ಯಾವನೋ ಗಿರಾಕಿಯ ಎದುರಿಗೆ ಕೈ ಹಿಡಿದುಕೊಳ್ಳುತ್ತಿದ್ದಳು.

ದೀಪ ಹಾಕಿದ ಮೇಲೆ ಅವನು ತಟ್ಟೆಯಲ್ಲಿದ್ದ ಒಣ ಎಲೆಯನ್ನು ತೋರಿಸಿ, "ಇದನ್ನ ನಾನು ತಗೊಳ್ಳಲಾ?" ಎಂದು ಕೇಳಿದ.

ಮೇಷ್ಟ್ರು ಹೂಂ ಎನ್ನಲು ಬಾಯಿ ತೆರೆದರು. ಗೆಳತಿಯ ಮುಖದಲ್ಲಿ ಏನೋ ಹಾದುಹೋಯಿತು, ಹೇಳಲೋ ಬೇಡವೋ ಎಂಬ ಹಾಗೆ. ಕೊನೆಗೆ ಹೇಳಿದಳು. "ಭಾವ, ಅದು ಯಾಕೆ ಸತ್ತಿತು ಅಂತ ನೋಡಬೇಕು. ಅದೂ ಅರ್ಧ ಉತ್ತರ. ಮೈ ಎಲ್ಲಾ ಸೀಳಿ ನೋಡಬೇಕಾಗುತ್ತೆ. ಏನೂ ಉಳಿಯಲ್ಲ."

ಅವನು ಆ ಎಲೆಯನ್ನು ನೋಡುತ್ತ ನಿಂತ. ಬೆರಳ ತುದಿಯಲ್ಲಿ ಎತ್ತಿಕೊಳ್ಳುವಷ್ಟು ಚಿಕ್ಕದು, ಉಗುರಿನ ಚೂರು. ಅದನ್ನು ಕೇಳಿದ್ದಕ್ಕೆ ಅವಳು ಬೈಯುತ್ತಿದ್ದಳು. ಕೊಟ್ಟಿದ್ದರೆ ಇವರನ್ನೂ ಬೈಯುತ್ತಿದ್ದಳು.

"ಇಟ್ಕೊಳ್ಳಿ" ಎಂದ. "ಅವಳಿದ್ದಿದ್ದರೂ ಕೊಡ್ತಿರಲಿಲ್ಲ."

ಗೆಳತಿ ಚಿಮಟದಿಂದ ಎಲೆಯನ್ನೆತ್ತಿ ಪುಟ್ಟ ಸೀಸೆಗೆ ಹಾಕಿದಳು. ಅವನು ಸೀಸೆಯನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡಿ, ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ, ವಾಪಸು ಕೊಟ್ಟ. ಆಮೇಲೆ, ಮನೆಯಲ್ಲಿ ತಾಯಿ ಕಾಯುತ್ತಿದ್ದಾರೆ, ಬದುಕಿದೆ ಎಂದು ಹೇಳಬೇಕು ಎಂದು ಮೆಟ್ಟಿಲು ಹತ್ತಿದ.